ಬೆಳಕು ಬಂದ ದಾರಿಯಲ್ಲೇ ನೀರೂ ಬಂದಿರುತ್ತದೆ: ಪಾಳು ಕಟ್ಟಡಗಳಲ್ಲಿ ಫೋಟೊ ತೆಗೆಯುವವರಿಗೆ

ಪ್ರಶ್ನೆ: ನಾನು ಹಾಸನದವಳು, ವಯಸ್ಸು 27. ಮೂರು ವರ್ಷಗಳಿಂದ ಕೆಲಸದ ಜೊತೆಗೆ ಮದುವೆ ಫೋಟೊಗ್ರಫಿ ಮಾಡುತ್ತಿದ್ದೇನೆ. ಪಾಳುಬಿದ್ದ ಕಟ್ಟಡಗಳೆಂದರೆ ನನಗೆ ಮೊದಲಿನಿಂದಲೂ ಸೆಳೆತ. ಹೇಮಾವತಿ ಹಿನ್ನೀರಿನಲ್ಲಿ ಪಾಳುಬಿದ್ದಿರುವ ಶೆಟ್ಟಿಹಳ್ಳಿಯ ಚರ್ಚಿಗೆ ಏಳೆಂಟು ಸಲ ಹೋಗಿದ್ದೇನೆ. ಈಗ ಒಂದು ಜೋಡಿ ತಮ್ಮ ಪ್ರೀ-ವೆಡ್ಡಿಂಗ್ ಫೋಟೊಗಳನ್ನು ಅಲ್ಲಿಯೂ, ಮೂಡಿಗೆರೆ ಕಡೆ ಹದಿನೈದು ವರ್ಷದಿಂದ ಬಾಗಿಲು ಹಾಕಿರುವ ಒಂದು ತೋಟದ ಬಂಗಲೆಯಲ್ಲಿಯೂ ತೆಗೆಯಬೇಕೆಂದು ಕೇಳಿದ್ದಾರೆ. ಬಂಗಲೆಯ ಪಾಲುದಾರರಲ್ಲೊಬ್ಬರು ವರನಿಗೆ ಪರಿಚಯ. 'ಹೋಗಿ ಬನ್ನಿ' ಎಂದಿದ್ದಾರೆ. ಅಷ್ಟು ಸಾಕೇ, ಕಾನೂನಿನ ಅಡ್ಡಿ ಏನಾದರೂ ಇದೆಯೇ? ಡ್ರೋನ್ ಮತ್ತು ಬಣ್ಣದ ಹೊಗೆಯ ಡಬ್ಬಿಗಳನ್ನು ಬಳಸುವ ಯೋಚನೆಯಿದೆ. ಅಮ್ಮ 'ಅಂಥ ಕಡೆ ಗಾಳಿ-ಗೀಳಿ ಇರುತ್ತೆ, ಬೇಡ' ಎನ್ನುತ್ತಾರೆ. ಅಜ್ಜಿಯ ತವರು ಹೇಮಾವತಿ ಹಿನ್ನೀರಿನಲ್ಲಿ ಹೋದ ಊರು. ಅವರು 'ಮುಳುಗಿದ ಊರಲ್ಲಿ ಮದುವೆ ಫೋಟೊ ಯಾಕವ್ವ' ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟು ವರ್ಷ ನಿಂತ ಗೋಡೆ ನಾವಿರುವ ಒಂದು ಗಂಟೆಯಲ್ಲೇ ಬೀಳುತ್ತದೆಯೇ? ಬೇಸಿಗೆಯಲ್ಲಿ ಹೋದರೆ ಸಾಕಲ್ಲವೇ? ಇಷ್ಟಕ್ಕೂ ಇಂಥ ಜಾಗಗಳೇ ಕ್ಯಾಮೆರಾದಲ್ಲಿ ಏಕೆ ಇಷ್ಟು ಚೆನ್ನಾಗಿ ಕಾಣುತ್ತವೆ?

ಉತ್ತರ: ಗೋಡೆ ಬೀಳುತ್ತದೆಯೇ, ಒಳಗೆ ಹೋಗಲು ಕಾನೂನಿನ ಅಡ್ಡಿಯಿದೆಯೇ, ಅಮ್ಮ ಹೇಳುವುದರಲ್ಲಿ ಹುರುಳಿದೆಯೇ, ಅಜ್ಜಿಗೆ ಏನು ಹೇಳಲಿ ಎಂಬ ನಿಮ್ಮ ನಾಲ್ಕೂ ಚಿಂತೆಗಳನ್ನು ನಾನು ಅಷ್ಟೇ ಮಹತ್ವ ಕೊಟ್ಟು ಓದಿದ್ದೇನೆ. ಆದರೆ ನೀವು ಕೊನೆಗೆ ಕೇಳಿದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಹಳೆಯ ಕಟ್ಟಡಗಳ ದುರಸ್ತಿಯೇ ಕಸುಬಾಗಿರುವ ಎಂಜಿನಿಯರ್ ಆಗಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬಿರುಕುಬಿಟ್ಟ ಗೋಡೆಗಳ ಮುಂದೆ ವರ್ಷಗಟ್ಟಲೆ ನಿಂತು, ವರದಿಗಾಗಿ ಅವುಗಳ ಸಾವಿರಾರು ಫೋಟೊ ತೆಗೆದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಪಾಳು ಕಟ್ಟಡವನ್ನು ಚಂದಗಾಣಿಸುವ ಅಂಶಗಳು ಯಾವುವೋ ಅವೇ ಅದರ ಕಾಯಿಲೆಯ ಲಕ್ಷಣಗಳು. ಚಂದ ಏಕೆ ಎಂಬುದು ಸರಿಯಾಗಿ ತಿಳಿದರೆ ಅಪಾಯ ಎಲ್ಲಿದೆ ಎಂಬುದೂ ತಾನಾಗಿ ತಿಳಿಯುತ್ತದೆ.

ನಿಮ್ಮ ಸೆಳೆತದ ಬಗ್ಗೆ ಸಂಕೋಚ ಬೇಡ. ನಮ್ಮ ನಾಡಿನಲ್ಲಿ ಕ್ಯಾಮೆರಾ ಕಾಲಿಟ್ಟ ಮೊದಲ ದಿನಗಳಿಂದಲೇ ಅದು ಹಳೆಯ ಕಲ್ಲುಗಳ ಬೆನ್ನು ಹತ್ತಿದೆ. ಲಿನಿಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ ರಜೆ ಹಾಕಿ ಹಳೇಬೀಡು, ಬೇಲೂರುಗಳಿಗೆ ಕ್ಯಾಮೆರಾ ಹೊತ್ತು ಬಂದದ್ದು 1854ರ ಡಿಸೆಂಬರಿನಲ್ಲಿ. ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಹಾಳು ಮಂಟಪಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದದ್ದು 1856ರಲ್ಲಿ. ಆಗಿನ ನೆಗೆಟಿವ್‌ಗೆ ಬೆಳಕು ತಾಗಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಲುಗದೆ ನಿಲ್ಲುವ ಕಲ್ಲು ಅವರಿಗೆ ಅನುಕೂಲದ ವಸ್ತುವೂ ಆಗಿತ್ತು. ಅವರ ಚಿತ್ರಗಳು ಇಂದು ಸಂರಕ್ಷಣೆಯ ಕೆಲಸಕ್ಕೆ ದಾಖಲೆಗಳಾಗಿ ಒದಗುತ್ತಿವೆ.

ಇನ್ನು ಬೆಳಕಿನ ವಿಚಾರ. ಜನ ವಾಸವಿರುವ ಮನೆಯಲ್ಲಿ ಬೆಳಕು ಹತ್ತು ಕಡೆಯಿಂದ ಬರುತ್ತದೆ: ಟ್ಯೂಬ್‌ಲೈಟು, ಪರದೆ ಹಾಕಿದ ಕಿಟಕಿ, ಹೊಳೆಯುವ ಟೈಲ್ಸು, ಟಿವಿ. ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಬಿಟ್ಟ ಮನೆಯಲ್ಲಿ ಹಾಗಲ್ಲ. ಸೂರಿನಲ್ಲಿ ನಾಲ್ಕು ಹೆಂಚು ಜಾರಿದ ಜಾಗದಿಂದ ಒಂದೇ ಒಂದು ಬೆಳಕಿನ ಕೋಲು ಇಳಿಯುತ್ತದೆ, ಗಾಳಿಯಲ್ಲಿರುವ ಧೂಳು ಆ ಕೋಲಿಗೆ ಮೈ ಕೊಡುತ್ತದೆ, ಉಳಿದ ಕೋಣೆ ಕತ್ತಲಲ್ಲೇ ಇರುತ್ತದೆ. ಸುಣ್ಣದ ಗಾರೆ ಹೊಳಪಿಲ್ಲದ ಬಿಳುಪಾದ್ದರಿಂದ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಮೆತ್ತಗೆ ಹರಡಿ, ನೀವು ಸಾವಿರಾರು ರೂಪಾಯಿ ಕೊಟ್ಟು ತರುವ ಸಾಫ್ಟ್‌ಬಾಕ್ಸ್‌ನ ಕೆಲಸವನ್ನು ತಾನೇ ಮಾಡುತ್ತದೆ. ಗಾರೆ ಚಕ್ಕೆ ಎದ್ದಿರುವ ಕಡೆ ಬೆಳಗಿನ ಏಳು ಗಂಟೆಯ ಓರೆ ಬಿಸಿಲು ಪ್ರತಿ ಚಕ್ಕೆಯ ಅಂಚಿಗೂ ಒಂದು ನೆರಳು ಕೊಡುವುದರಿಂದ ಬರಿ ಗೋಡೆಯೇ ಚಿತ್ರವಾಗುತ್ತದೆ. ಬಾಗಿಲ ಹಿಂದೆ ಬಾಗಿಲು, ಅದರ ಹಿಂದೆ ಕುಸಿದ ಗೋಡೆ, ಅದರಾಚೆ ಹಸಿರು ಹೀಗೆ ಚೌಕಟ್ಟಿನೊಳಗೆ ಚೌಕಟ್ಟು ಸಿಕ್ಕಿ ಆಳ ಬರುತ್ತದೆ. ಪಾಚಿಯ ಹಸಿರು, ಇಟ್ಟಿಗೆಯ ಕೆಂಪು, ಸುಣ್ಣದ ಬೂದು ಬಿಳುಪು ಇವುಗಳ ಮಧ್ಯೆ ಒಂದು ಮೈಸೂರು ರೇಷ್ಮೆ ಸೀರೆ ನಿಂತರೆ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ.

ಈಗ ಇದೇ ಪಟ್ಟಿಯನ್ನು ನನ್ನ ಕಣ್ಣಿನಿಂದ ಓದಿ. ಬೆಳಕಿನ ಕೋಲು ಇಳಿಯುವ ಜಾಗದಲ್ಲಿ ಎಷ್ಟೋ ಮಳೆಗಾಲಗಳ ನೀರೂ ಇಳಿದಿದೆ. ಅದರ ಕೆಳಗಿನ ತೊಲೆಯನ್ನು ನಂಬುವಂತಿಲ್ಲ. ಗಾರೆ ಚಕ್ಕೆ ಎದ್ದಿದೆ ಎಂದರೆ ಗೋಡೆಯೊಳಗಿನ ತೇವ ಉಪ್ಪನ್ನು ಮೇಲಕ್ಕೆ ತಂದಿದೆ, ಆ ಉಪ್ಪು ಒಣಗಿ ಹರಳುಗಟ್ಟುವಾಗ ಗಾರೆಯನ್ನು ಹಿಂದಿನಿಂದ ತಳ್ಳಿದೆ. ಪಾಚಿ ಇದ್ದಲ್ಲಿ ಗೋಡೆ ಒಣಗುತ್ತಲೇ ಇಲ್ಲ. ಗೋಡೆಯ ತಲೆಯ ಮೇಲೆ ಆಲವೋ ಅರಳಿಯೋ ಹುಟ್ಟಿ ಬೇರು ಕೆಳಗೆ ಇಳಿಸಿದ ಚಿತ್ರಕ್ಕೆ ಎಲ್ಲರೂ ಮರುಳಾಗುತ್ತಾರೆ. ಆ ಬೇರು ಕಲ್ಲಿನ ಎರಡು ಪದರಗಳ ನಡುವೆ ಬೆಣೆಯಂತೆ ದಪ್ಪವಾಗುತ್ತಾ ಹೋಗುತ್ತದೆ, ಮರ ಒಣಗಿದ ವರ್ಷ ಅದೇ ಜಾಗ ಟೊಳ್ಳಾಗುತ್ತದೆ. ಚೌಕಟ್ಟಿನೊಳಗಿನ ಚೌಕಟ್ಟು ಸಿಗುವುದಂತೂ ನಡುವಿನ ಅಡ್ಡಗೋಡೆ ಬಿದ್ದಿರುವುದರಿಂದಲೇ, ಮತ್ತು ಆ ಅಡ್ಡಗೋಡೆಯೇ ಉದ್ದಗೋಡೆಗಳನ್ನು ನೆಟ್ಟಗೆ ಹಿಡಿದಿತ್ತು.

ಶೆಟ್ಟಿಹಳ್ಳಿಯ ಚರ್ಚಿನಲ್ಲಿ ಈ ಎಲ್ಲವೂ ಒಟ್ಟಿಗೆ ಸೇರಿವೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಅಂದಿನಿಂದ ಜಲಾಶಯದ ಮಟ್ಟ ಅದರ ಪೂರ್ಣಮಟ್ಟವಾದ, ಸಮುದ್ರಮಟ್ಟದಿಂದ 2,922 ಅಡಿಗೆ ಹತ್ತಿರವಾದಾಗಲೆಲ್ಲ ಗೋಡೆಗಳು ನೀರಿಗಿಳಿಯುತ್ತವೆ, ನಾಲೆಗೆ ನೀರು ಬಿಟ್ಟು ಮಟ್ಟ ತಗ್ಗಿದಾಗ ಹೊರಗೆ ಬರುತ್ತವೆ. ಸದಾ ನೀರಿನಲ್ಲೇ ಮುಳುಗಿರುವ ಗೋಡೆಗೂ ಸದಾ ಒಣಗಿರುವ ಗೋಡೆಗೂ ಇಷ್ಟು ಕಷ್ಟವಿಲ್ಲ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಗೋಡೆಯನ್ನು ತಿನ್ನುತ್ತದೆ. ನೆನೆದ ಇಟ್ಟಿಗೆ ಒಣ ಇಟ್ಟಿಗೆಯಷ್ಟು ಭಾರ ಹೊರಲಾರದು. ನೀರು ಬೇಗ ಇಳಿದಾಗ ಹೊರಗಿನ ನೀರಿನ ಆಸರೆ ಹೋಗಿ, ಗೋಡೆಯ ಹೊಟ್ಟೆಯಲ್ಲಿ ಉಳಿದ ನೀರು ಹೊರಮೈಯನ್ನು ಆಚೆಗೆ ಒತ್ತುತ್ತದೆ. ಕಲ್ಲು-ಇಟ್ಟಿಗೆಗಳ ನಡುವಿನ ಸುಣ್ಣ ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪವೇ ಕರಗಿ ತೊಳೆದು ಹೋಗುತ್ತದೆ. ಜೊತೆಗೆ ಅಲ್ಲಿ ಚಾವಣಿಯಿಲ್ಲ. ಗೋಡೆಗಳ ತಲೆಯನ್ನು ಒಂದಕ್ಕೊಂದು ಕಟ್ಟಿಹಾಕುವಂಥದ್ದು ಏನೂ ಉಳಿದಿಲ್ಲ. ಕಮಾನು ಎಂಬುದು ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಸಾಲಿನಲ್ಲಿ ಒಂದು ಕಮಾನು ಬಿದ್ದರೆ ಪಕ್ಕದ್ದಕ್ಕೆ ಒರಗಲು ಆಸರೆ ಇರುವುದಿಲ್ಲ. ಆ ಕಟ್ಟಡದ ಭಾಗಗಳು ಮಳೆಗಾಲಗಳಲ್ಲಿ ಕುಸಿಯುತ್ತಾ ಬಂದಿವೆ. ಏಳೆಂಟು ಸಲ ಹೋಗಿರುವ ನೀವು ನಿಮ್ಮದೇ ಹಳೆಯ ಫೋಟೊಗಳನ್ನು ಹೊಸ ಫೋಟೊಗಳ ಪಕ್ಕದಲ್ಲಿಟ್ಟು ನೋಡಿ. ಯಾವ ಕಲ್ಲು ಈಗಿಲ್ಲ ಎಂಬುದು ನಿಮಗೇ ಸಿಗುತ್ತದೆ.

'ಅಷ್ಟು ವರ್ಷ ನಿಂತಿದೆಯಲ್ಲ' ಎಂಬ ವಾದವನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆ ಗೋಡೆ ಮೊದಲ ನೂರು ವರ್ಷಕ್ಕೂ ಮಿಕ್ಕಿ ನಿಂತದ್ದು ಚಾವಣಿ ಹೊದ್ದು, ವರ್ಷಕ್ಕೊಮ್ಮೆ ಸುಣ್ಣ ಬಳಿಸಿಕೊಂಡು, ದಿನಾ ಜನರ ಕಣ್ಣಳತೆಯಲ್ಲಿ. ಆಮೇಲಿನ ವರ್ಷಗಳದ್ದು ಬೇರೆಯೇ ಲೆಕ್ಕ. ಸುಣ್ಣಕ್ಕೆ ಬೆಲ್ಲ, ಮೊಟ್ಟೆ ಬೆರೆಸಿ ಕಟ್ಟಿದ್ದರಿಂದ ಅದು ಬೀಳುವುದಿಲ್ಲ ಎಂಬ ಮಾತೂ ಅಲ್ಲಿ ಪ್ರಚಾರದಲ್ಲಿದೆ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ, ಮೊಟ್ಟೆಯ ಬಿಳಿ ಸೇರಿಸುವ ಪದ್ಧತಿ ನಮ್ಮಲ್ಲಿ ನಿಜವಾಗಿಯೂ ಇತ್ತು, ಈಗಲೂ ದುರಸ್ತಿಯಲ್ಲಿ ನಾವು ಬೆಲ್ಲ, ಅಳಲೆ ಬಳಸುತ್ತೇವೆ; ಗಾರೆ ಹದವಾಗಿ ಕೂರಲು, ಗಟ್ಟಿಯಾಗಲು ಅವು ನೆರವಾಗುತ್ತವೆ. ಆದರೆ ಮಳೆ, ಬಿಸಿಲಿಗೆಂದು ಕಟ್ಟಿದ ಗೋಡೆಯನ್ನು ಜಲಾಶಯದ ಏರಿಳಿತದಿಂದ ಕಾಪಾಡುವ ಶಕ್ತಿ ಯಾವ ಬೆಲ್ಲಕ್ಕೂ ಇಲ್ಲ.

ಬೇಸಿಗೆಯಾದರೆ ಸಾಕು ಎಂಬುದು ಅರ್ಧ ಸತ್ಯ. ಮಳೆಗಾಲಕ್ಕಿಂತ ಬೇಸಿಗೆ ವಾಸಿ, ಸರಿ. ಆದರೆ ನೆನೆದ ಗೋಡೆ ಸಾಕಷ್ಟು ಸಲ ಮಳೆ ನಿಂತು, ಬಿಸಿಲು ಬಂದ ಮೇಲೆ ಬೀಳುತ್ತದೆ ಎಂಬುದನ್ನು ಮಲೆನಾಡಿನ ಯಾವ ಹಿರಿಯರನ್ನು ಕೇಳಿದರೂ ಹೇಳಿಯಾರು. ಒಂದು ಫೆಬ್ರವರಿಯ ಬೆಳಿಗ್ಗೆ ಗೋಡೆಗಳನ್ನು ನೋಡಲು ಶೆಟ್ಟಿಹಳ್ಳಿಗೆ ಹೋಗಿದ್ದಾಗ ಒಂದು ಜೋಡಿ ಕಮಾನಿನ ನೇರ ಕೆಳಗೆ ನಿಂತಿತ್ತು. ಆಕೆಯದು ಕಡುನೀಲಿ ಸೀರೆ. ಗಾಳಿಯೂ ಇಲ್ಲದ ಹೊತ್ತಿನಲ್ಲಿ ಆಕೆಯ ಸೆರಗಿನ ಮೇಲೆ ಹಿಟ್ಟಿನಂಥ ಬಿಳಿ ಹುಡಿ ಉದುರಿತು. ಆಕೆ ಕೊಡವಿಕೊಂಡು ನಕ್ಕಳು, ಫೋಟೊಗ್ರಾಫರ್ ಮುಂದಿನ ಭಂಗಿಗೆ ಕರೆದ. ಆ ಹುಡಿ ಕಮಾನಿನ ಕಲ್ಲುಗಳ ನಡುವೆ ಉಳಿದಿದ್ದ ಕೊನೆಯ ಸುಣ್ಣ. ಅಂದು ಏನೂ ಬೀಳಲಿಲ್ಲ. ನಾನು ಅವರನ್ನು ಕೈ ಹಿಡಿದು ಈಚೆ ಕರೆತಂದದ್ದಕ್ಕೆ ಅವರು ಸ್ವಲ್ಪ ಬೇಸರಿಸಿಕೊಂಡರು, ಅದಕ್ಕೆ ನನ್ನ ತಕರಾರಿಲ್ಲ. ಹುಡಿ ಉದುರುವ ಜಾಗದಿಂದ ಆ ಕ್ಷಣವೇ ಹೊರಗೆ ಬನ್ನಿ. ಇಷ್ಟನ್ನು ನಿಮ್ಮ ತಂಡದ ಪ್ರತಿಯೊಬ್ಬರಿಗೂ ಮೊದಲೇ ಹೇಳಿಡಿ.

ಶೆಟ್ಟಿಹಳ್ಳಿಯಲ್ಲಿ ಇನ್ನೂ ಒಂದು ಅಪಾಯವಿದೆ, ಅದು ಕಾಲ ಕೆಳಗಿನದು. ನೀರು ಹಿಂದೆ ಸರಿದ ಜಾಗದಲ್ಲಿ ಮೇಲೆ ಬಿರುಕುಬಿಟ್ಟ ಒಣ ಮಣ್ಣಿನಂತೆ ಕಂಡರೂ ಒಂದೆರಡು ಇಂಚಿನ ಕೆಳಗೆ ಹೂಳು ಗಂಜಿಯಂತಿರಬಹುದು. ನೀರಿನ ಅಂಚಿಗೆ ಹೋಗುವ ಮೊದಲು ಕೋಲು ಊರಿ ನೋಡಿ. ಟ್ರೈಪಾಡ್ ಅಲ್ಲಿ ನಿಧಾನವಾಗಿ ಮುಳುಗುವುದನ್ನು ಕಂಡರೆ ನೀವೂ ಹಿಂದೆ ಸರಿಯಿರಿ. ನೀರು ತುಂಬಿದ ಕಾಲದಲ್ಲಿ ತೆಪ್ಪದಲ್ಲಿ ಕೂರುವುದಾದರೆ ಲೈಫ್ ಜಾಕೆಟ್ ಇಲ್ಲದೆ ಕೂರಬೇಡಿ, ಫೋಟೊದಲ್ಲಿ ಅದು ಎಷ್ಟೇ ಕೆಟ್ಟದಾಗಿ ಕಂಡರೂ.

ಮೂಡಿಗೆರೆಯ ಬಂಗಲೆಯ ಬಗ್ಗೆ ನನಗೆ ಚರ್ಚಿಗಿಂತ ಹೆಚ್ಚು ಆತಂಕ. ಚರ್ಚಿನಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ. ಬಂಗಲೆಯಲ್ಲಿ ಅದು ಬಣ್ಣದ ಹಿಂದೆ ಅಡಗಿರುತ್ತದೆ. ಮಲೆನಾಡಿನ ಹಳೆಯ ಮನೆಯ ಮೂಲ ಸೂತ್ರ ಹೆಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಆ ಕೆಂಪು ಹೆಂಚು, ಕೆಳಗೆ ಮಣ್ಣಿನ ಗೋಡೆ ಇದ್ದರೂ ಮನೆಯನ್ನು ಬಹುಕಾಲ ಕಾಯುತ್ತದೆ, ಪ್ರತಿ ವರ್ಷ ಮಳೆಗೆ ಮೊದಲು ಯಾರಾದರೂ ಮೇಲೆ ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದರೆ. ಮನೆ ಬಿಟ್ಟ ಮೇಲೆ ನಿಲ್ಲುವ ಮೊದಲ ಕೆಲಸ ಅದು. ಕೋತಿಯೋ ಮರದ ಕೊಂಬೆಯೋ ಒಂದು ಹೆಂಚು ಜಾರಿಸುತ್ತದೆ. ಆ ಸಂದಿಯಿಂದ ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಕೊಳೆಯುತ್ತದೆ, ರೀಪು ಹೋದರೆ ಅದರ ಮೇಲಿನ ಸಾಲು ಹೆಂಚು ಇಳಿಯುತ್ತದೆ, ನೀರು ರೀಪನ್ನು ಹೊರುವ ಓರೆ ಮರವಾದ ಪಕಾಸಿಗೆ, ಅಲ್ಲಿಂದ ಗೋಡೆಯ ತಲೆಗೆ. ಅಟ್ಟದ ತೊಲೆಗಳು ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹೂತ ತುದಿಗಳಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ. ಗೆದ್ದಲು ಒಳಗೆಲ್ಲ ತಿಂದು ಹೊರಗಿನ ಬಣ್ಣದ ಪದರವನ್ನು ಕಾಗದದಂತೆ ಉಳಿಸುತ್ತದೆ. ಇಂಥದೇ ಒಂದು ಮನೆಯಲ್ಲಿ ನುಣುಪಾಗಿ ಹೊಳೆಯುತ್ತಿದ್ದ ಬೀಟೆ ಮರದ ತೊಲೆಯ ತುದಿಗೆ ನಾನು ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು, ಹೊರಗೆ ತೆಗೆದಾಗ ಕಾಫಿಪುಡಿಯಂಥದ್ದು ಉದುರಿತು. ಮಾಲೀಕರ ಮಗ ಅದೇ ಬೆಳಿಗ್ಗೆ ಆ ಅಟ್ಟದ ಮೇಲೆ ನಡೆದಾಡಿ ಬಂದಿದ್ದ.

ಹಾಗಾಗಿ ನಿಮ್ಮ ಬಂಗಲೆಯಲ್ಲಿ ಅಟ್ಟ, ಮಹಡಿ ಮತ್ತು ಮರದ ಮೆಟ್ಟಿಲನ್ನು ಶೂಟಿಂಗ್‌ನಿಂದ ಪೂರ್ತಿ ಕೈಬಿಡಿ, ಇದರಲ್ಲಿ ರಾಜಿಯಿಲ್ಲ. ಕೆಳಗಿನ ಕೋಣೆಗಳ ವಿಚಾರಕ್ಕೆ ಬಂದರೆ, ಮೊದಲು ಮನೆಯನ್ನು ಹೊರಗಿನಿಂದ ಒಂದು ಸುತ್ತು ಬನ್ನಿ. ಸೂರಿನ ಗೆರೆ ಹಗ್ಗ ಕಟ್ಟಿದಂತೆ ನೇರವಾಗಿದೆಯೇ, ನಡುವೆ ಇಳಿದಿದೆಯೇ ನೋಡಿ. ಗೋಡೆಯ ಮೂಲೆಯಲ್ಲಿ ಮೇಲೆ ಅಗಲವಾಗಿ, ಕೆಳಗೆ ಸಣ್ಣದಾಗುವ ಬಿರುಕು ಕಂಡರೆ ಆ ಗೋಡೆ ಹೊರಕ್ಕೆ ವಾಲುತ್ತಿದೆ. ಬುಡದಲ್ಲಿ ಮಣ್ಣು ಒಳಕ್ಕೆ ತಿಂದು ಹೋಗಿ ಗೋಡೆ ತೆಳುವಾಗಿದ್ದರೆ ಒಳಗೆ ಹೋಗುವ ಮಾತೇ ಬೇಡ. ಒಳಗೆ ಹೋದರೆ ಬಾಗಿಲ ಚೌಕಟ್ಟಿನ ಮೂಲೆಗಳನ್ನು ಗಮನಿಸಿ, ಚೌಕಟ್ಟು ಓರೆಯಾಗಿದ್ದರೆ ಮೇಲಿನ ಭಾರ ಅದರ ಮೇಲೆ ಕೂತಿದೆ. ಆ ಬಾಗಿಲನ್ನು ತೆರೆಯಲು ಬಲ ಹಾಕಬೇಡಿ. ಬಿಟ್ಟ ಮನೆಯಲ್ಲಿ ಬಾಗಿಲೇ ಆಧಾರ ಕಂಬವಾಗಿರುವುದನ್ನು ನಾನು ಕಂಡಿದ್ದೇನೆ. ಹಿತ್ತಿಲಲ್ಲಿ ಲಂಟಾನ ಮುಚ್ಚಿದ ಹಾಳು ಬಾವಿ ಇರುತ್ತದೆ; ಮನೆಯ ಹಳೆಯ ಆಳುಗಳನ್ನು ಕೇಳಿ ಅದು ಎಲ್ಲಿದೆ ಎಂದು ತಿಳಿದುಕೊಂಡೇ ಕ್ಯಾಮೆರಾದ ಮೂಲಕ ನೋಡುತ್ತಾ ಹಿಂದೆ ಹೆಜ್ಜೆಯಿಡಿ. ಕಾಫಿ ಗೋದಾಮಿನ ಸಿಮೆಂಟ್ ಶೀಟಿನ ಚಾವಣಿಯನ್ನು ಯಾರೂ ಹತ್ತಕೂಡದು, ಡ್ರೋನ್ ಅಲ್ಲಿ ಸಿಕ್ಕಿಕೊಂಡರೂ ಸರಿ.

ಅಮ್ಮನ ಮಾತಿಗೆ ಬರೋಣ. ಗಾಳಿಯನ್ನು ನಾನು ಕಂಡಿಲ್ಲ. ಆದರೆ 'ಅಲ್ಲಿ ಗಾಳಿ ಇದೆ' ಎಂಬ ಒಂದೇ ಮಾತು ಎಷ್ಟು ಮಕ್ಕಳನ್ನು ಹಾಳು ಬಾವಿಯಿಂದ, ಕೊಳೆತ ಅಟ್ಟದಿಂದ ದೂರ ಇಟ್ಟಿರಬಹುದು ಎಂದು ಯೋಚಿಸಿದರೆ ಆ ಮಾತನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಬಿಟ್ಟ ಮನೆ ಖಾಲಿ ಇರುವುದೇ ಇಲ್ಲ. ಬಾವಲಿಗಳಿರುವ ಕೋಣೆಯ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಶಿಲೀಂಧ್ರ ಇರಬಹುದಾದ್ದರಿಂದ ಅಲ್ಲಿ ಗುಡಿಸಬಾರದು, ಎನ್-95 ಮಾಸ್ಕ್ ಇಲ್ಲದೆ ನಿಲ್ಲಬಾರದು. ಕುಸಿದ ಹೆಂಚಿನ ರಾಶಿ ಎಂದರೆ ನಾಗರಹಾವಿಗೂ ಕೊಳಕುಮಂಡಲಕ್ಕೂ ಹೇಳಿಮಾಡಿಸಿದ ಜಾಗ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಆ ಕೈಯೋ ಕಾಲೋ ಅಲುಗದಂತೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಅದು ಎಲ್ಲಿದೆ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಡಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಾಡಂಚಿನ ಮನೆಗಳಿಗೆ ಹೋಗುವುದಾದರೆ ಉಣುಗಿನ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ನಿಮ್ಮ ಶೂಟಿಂಗ್ ಕಾಲದಲ್ಲೇ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆಗಳ ಓಡಾಟ ನಿಮಗೆ ಗೊತ್ತೇ ಇದೆ. ಮುಂಜಾನೆಯ ಮಂಜಿನ ಫೋಟೊಗೆಂದು ಬೆಳಕು ಹರಿಯುವ ಮೊದಲು ತೋಟದ ದಾರಿಯಲ್ಲಿ ನಡೆಯಬೇಡಿ.

ಬಣ್ಣದ ಹೊಗೆಯನ್ನು ದಯವಿಟ್ಟು ಬಿಟ್ಟುಬಿಡಿ. ಎತ್ತರದ ಪಾಳು ಗೋಡೆ, ಕಮಾನುಗಳಿಗೆ ಹೆಜ್ಜೇನು ಕಟ್ಟುತ್ತದೆ, ಹೊಗೆ ಅದನ್ನು ಎಬ್ಬಿಸುತ್ತದೆ. ಭಾರೀ ಸೀರೆ, ಆಭರಣ ತೊಟ್ಟವರು ಹೆಜ್ಜೇನಿನಿಂದ ಓಡಿ ತಪ್ಪಿಸಿಕೊಳ್ಳುವುದು ಆಗದ ಮಾತು. ಒಣ ಮರದ ಮನೆಯಲ್ಲಿ ಆ ಡಬ್ಬಿಯ ಬಿಸಿಯೇ ಬೆಂಕಿಗೆ ಸಾಕು. ಡ್ರೋನಿನ ಸದ್ದೂ ಜೇನಿಗೆ ಆಗದು, ಗೂಡು ಕಂಡರೆ ಅದನ್ನೂ ಹಾರಿಸಬೇಡಿ.

ಕಾನೂನಿನ ಮಾತು. ಖಾಲಿ ಮನೆಗೆ ಯಜಮಾನರಿಲ್ಲ ಎಂಬುದು ತಪ್ಪು ತಿಳಿವಳಿಕೆ. ನಮ್ಮ ಜಿಲ್ಲೆಗಳಲ್ಲಿ ಮನೆ ಖಾಲಿಯಾಗುವುದಕ್ಕೆ ಯಜಮಾನರು ಹೆಚ್ಚಾಗಿರುವುದೇ ಎಷ್ಟೋ ಸಲ ಕಾರಣ. ಪಾಲು ಪಟ್ಟಿಯ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಒಬ್ಬ ಪಾಲುದಾರರ 'ಹೋಗಿ ಬನ್ನಿ' ಇನ್ನೊಬ್ಬರ ದೂರಿಗೆ ಉತ್ತರವಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಂತೆ ಅಪರಾಧ ಎಸಗುವ ಅಥವಾ ಸ್ವಾಧೀನದಲ್ಲಿರುವವರನ್ನು ಹೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶದಿಂದ ಒಳಹೊಕ್ಕರೆ ಅದು ಅತಿಕ್ರಮ ಪ್ರವೇಶ. ಮನೆಯೊಳಗಾದರೆ ಒಂದು ವರ್ಷದವರೆಗೆ ಸಜೆಯಾಗಬಹುದು. ಫೋಟೊ ತೆಗೆಯಲು ಬಂದವರಿಗೆ ಅಂಥ ಉದ್ದೇಶ ಇರುವುದಿಲ್ಲ, ನಿಜ. ಆದರೆ ಅದನ್ನು ಠಾಣೆಯಲ್ಲಿ ಕುಳಿತು ವಿವರಿಸುವ ಪ್ರಸಂಗ ಯಾರಿಗೂ ಬೇಡ, ಬೀಗ ಮುರಿದಿದ್ದರಂತೂ ವಿವರಣೆಗೆ ಬೆಲೆಯೇ ಇರುವುದಿಲ್ಲ. ಎಲ್ಲ ಪಾಲುದಾರರ ಒಪ್ಪಿಗೆಯನ್ನು ದಿನಾಂಕ, ಸಮಯ, ತಂಡದವರ ಹೆಸರು ನಮೂದಿಸಿ ಬರಹದಲ್ಲಿ ಪಡೆಯಿರಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ವೃತ್ತಿಪರ ಶೂಟಿಂಗ್‌ಗೆ ಪೂರ್ವಾನುಮತಿ ಬೇಕು, ಅಲ್ಲಿ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿನ ರೈಲು ಸುರಂಗಗಳೂ ಪಾಳು ಜಾಗಗಳಲ್ಲ. ಅಲ್ಲಿ ರೈಲು ಓಡುತ್ತದೆ, ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯಿದೆ. ಡ್ರೋನ್ 250 ಗ್ರಾಂ ಮೀರಿದ್ದು, ಹಣಕ್ಕಾಗಿ ಹಾರಿಸುವುದಾದರೆ ಪೈಲಟ್ ಪ್ರಮಾಣಪತ್ರ ಬೇಕು. ಯಾವ ತೂಕದ್ದಾದರೂ ಆ ಜಾಗ ನಿರ್ಬಂಧಿತ ವಲಯದಲ್ಲಿದೆಯೇ ಎಂದು ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನೋಡಿಯೇ ಹಾರಿಸಿ.

ಅಜ್ಜಿಯ ಪ್ರಶ್ನೆಗೆ ನಾನು ಎಂಜಿನಿಯರ್ ಆಗಿ ಉತ್ತರಿಸಲಾರೆ, ಆದರೂ ನನಗನಿಸಿದ್ದನ್ನು ಬರೆಯುತ್ತೇನೆ. ಅಜ್ಜಿ ಫೋಟೊ ಬೇಡ ಎಂದಿಲ್ಲ. ಯಾಕೆ ಎಂದು ಕೇಳಿದ್ದಾರೆ. ಮುಳುಗಿದ ಊರಿನವರಿಗೆ ಆ ಗೋಡೆ ಒಂದು ಹಿನ್ನೆಲೆ ಪರದೆಯಾಗಿ ಕಾಣಿಸುವುದು ಸಾಧ್ಯವಿಲ್ಲ. ಅದು ಅವರ ಹೊಲದ ದಾರಿಯಲ್ಲಿದ್ದ ಗುರುತು, ಹಬ್ಬದ ದಿನ ಕೇಳುತ್ತಿದ್ದ ಗಂಟೆ. ತೋಟದ ಬಂಗಲೆಯ ಕಥೆಯೂ ಹಾಗೆಯೇ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದ ಮೇಲೆ ಬೆಲೆ ಕುಸಿಯಿತು, 2000ದ ಆಸುಪಾಸಿನಲ್ಲಿ ಇನ್ನೊಮ್ಮೆ ನೆಲಕಚ್ಚಿತು. ಬಿಳಿ ಕಾಂಡಕೊರಕ ಹುಳು ಅರೇಬಿಕಾ ಕಾಫಿ ಗಿಡಗಳನ್ನು ಒಣಗಿಸಿದ ವರ್ಷಗಳು, ಬ್ಯಾಂಕಿನ ಸಾಲ, ಬೆಂಗಳೂರು ಸೇರಿದ ಮಕ್ಕಳು ಇವೆಲ್ಲ ಸೇರಿ ಎಷ್ಟೋ ಬಾಗಿಲುಗಳು ಮುಚ್ಚಿವೆ. ಹೊರನಾಡಿನಲ್ಲೂ ಇದೇ ಚರ್ಚೆ ನಡೆದಿದೆ. ಅಮೆರಿಕದ ಡೆಟ್ರಾಯಿಟ್ ನಗರದ ಜನಸಂಖ್ಯೆ 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದು 2010ಕ್ಕೆ ಏಳು ಲಕ್ಷ ಚಿಲ್ಲರೆಗೆ ಇಳಿದಾಗ, ಅಲ್ಲಿನ ಹಾಳು ಚಿತ್ರಮಂದಿರ, ಕಾರ್ಖಾನೆಗಳ ಫೋಟೊಗಳು ಲೋಕಪ್ರಸಿದ್ಧವಾದವು. ಆ ಚಿತ್ರಗಳಲ್ಲಿ ಊರಿನಲ್ಲೇ ಉಳಿದು ಬದುಕುತ್ತಿದ್ದ ಜನ ಮಾತ್ರ ಕಾಣಲಿಲ್ಲ ಎಂಬುದು ಅಲ್ಲಿಯವರ ನೋವಾಗಿತ್ತು. ನನ್ನ ಸಲಹೆ ಇಷ್ಟು: ಈ ಜೋಡಿಯ ಕೆಲಸಕ್ಕಿಂತ ಮೊದಲು ಒಂದು ದಿನ ಅಜ್ಜಿಯನ್ನು ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿ. ಅವರ ಊರು ಯಾವ ದಿಕ್ಕಿನಲ್ಲಿತ್ತು ಎಂದು ಕೈ ತೋರಿಸಲಿ. ಅದರ ಫೋಟೊ ತೆಗೆಯಿರಿ, ಅವರು ಹೇಳುವ ಮನೆಗಳ ಹೆಸರನ್ನು ಬರೆದುಕೊಳ್ಳಿ. ಆಮೇಲೆ ಅದೇ ದಡದಲ್ಲಿ ಮದುವೆ ಫೋಟೊ ತೆಗೆಯಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನಗೆ ಎಲ್ಲಕ್ಕಿಂತ ಒಳ್ಳೆಯದು ಎನಿಸುವುದು ದೂರದಿಂದ ತೆಗೆಯುವುದು. ಬೀಳುವ ಗೋಡೆ ತನ್ನ ಎತ್ತರದಷ್ಟು ದೂರವನ್ನು ತಲುಪುತ್ತದೆ, ಇಟ್ಟಿಗೆ ಇನ್ನೂ ಆಚೆಗೆ ಉರುಳುತ್ತದೆ. ಹಾಗಾಗಿ ಎತ್ತರದ ಒಂದೂವರೆ ಪಟ್ಟು ದೂರ ಬಿಡುವುದು ನಾನು ಪಾಲಿಸುವ ಲೆಕ್ಕ. ಗೋಡೆ 30 ಅಡಿ ಇದ್ದರೆ ಜೋಡಿಯನ್ನು ಅದರಿಂದ 45 ಅಡಿ ಈಚೆ ನಿಲ್ಲಿಸಿ, ನೀವು ಇನ್ನೂ ಹಿಂದಕ್ಕೆ ಬಂದು 135 ಅಥವಾ 200 ಎಂಎಂ ಲೆನ್ಸಿನಲ್ಲಿ ನೋಡಿ. ಕಮಾನು ಅವರ ಬೆನ್ನಿಗೇ ಇದ್ದಂತೆ ದೊಡ್ಡದಾಗಿ ಕಾಣುತ್ತದೆ, 24 ಎಂಎಂ ಹಾಕಿ ಕಮಾನಿನ ಕೆಳಗೆ ನುಗ್ಗಿದರೆ ಸಿಗದ ಗಾಂಭೀರ್ಯ ಇದರಲ್ಲಿ ಬರುತ್ತದೆ. ಇದರ ತೊಂದರೆ ಒಂದೇ, ಒಳಗಿನ ಬೆಳಕಿನ ಕೋಲು ನಿಮಗೆ ಸಿಗುವುದಿಲ್ಲ.

ಅದು ಬೇಕೇ ಬೇಕೆಂದರೆ ಹಳೆಯದಾಗಿದ್ದೂ ಬಳಕೆಯಲ್ಲಿರುವ ಕಟ್ಟಡ ಹುಡುಕಿ. ನಮ್ಮ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪ್ ಹೌಸ್‌ಗಳಿವೆ, ಕಾಫಿ ಗೋದಾಮುಗಳಿವೆ, ಹೋಂಸ್ಟೇಗಳಾಗಿರುವ ಹಳೆಯ ಮನೆಗಳಿವೆ. ಗೋಣಿಚೀಲದ ರಾಶಿಯ ನಡುವೆ ಒಂದು ಗಾಜಿನ ಹೆಂಚಿನಿಂದ ಇಳಿಯುವ ಬೆಳಕು, ಉಳಿದ ಬಾಗಿಲು-ಕಿಟಕಿ ಮುಚ್ಚಿದರೆ, ಪಾಳು ಮನೆಯ ಬೆಳಕೇ. ಗಾಜಿನ ಹೆಂಚು ಬೇಕೆಂದೇ ಕೂರಿಸಿದ್ದಾದ್ದರಿಂದ ಅದರಲ್ಲಿ ಬೆಳಕು ಮಾತ್ರ ಬರುತ್ತದೆ, ನೀರು ಬರುವುದಿಲ್ಲ. ನನ್ನಂಥವನಿಗೆ ಆ ವ್ಯತ್ಯಾಸ ಬಹಳ ದೊಡ್ಡದು. ಖರ್ಚು ಸ್ವಲ್ಪ ಹೆಚ್ಚಾಗಬಹುದು, ಮಾಲೀಕರು ಬಾಡಿಗೆ ಕೇಳಬಹುದು. ಕೊಡಿ. ಹಾಗೆ ಬಂದ ಹಣದಿಂದ ಬದಲಾಗುವ ಹೆಂಚುಗಳೇ ಆ ಕಟ್ಟಡ ಉಳಿಯಲು ಕಾರಣವಾಗಬಹುದು. ಎಲ್ಲಿ ತೆಗೆದರೂ ಜಾಗದ ನಿಖರ ಗುರುತನ್ನು ಫೋಟೊ ಜೊತೆ ಹಾಕಬೇಡಿ. ಒಂದು ಚಿತ್ರ ಹಬ್ಬಿದ ಮೇಲೆ ಬರುವ ಜನ ಗೋಡೆಯ ಮೇಲೆ ಹೆಸರು ಕೆತ್ತುವುದನ್ನು ನೀವು ಶೆಟ್ಟಿಹಳ್ಳಿಯಲ್ಲೇ ಕಂಡಿರಬೇಕು.

ಬಂಗಲೆಯೇ ಆಗಬೇಕೆಂದು ಜೋಡಿ ಹಟ ಹಿಡಿದರೆ ಅದರ ಜಗಲಿಯವರೆಗೆ ಮಾತ್ರ ಒಪ್ಪಿಕೊಳ್ಳಿ, ಅದೂ ಜಗಲಿಯ ಸೂರು ನೇರವಾಗಿದ್ದರೆ. ನೀವೊಬ್ಬರೇ ಹೋಗದೆ ತೋಟದವರೊಬ್ಬರನ್ನು ಜೊತೆ ಮಾಡಿಕೊಂಡು ಒಂದು ಹಗಲು ನೋಡಿ ಬನ್ನಿ. ಹೊರಗಿನಿಂದಲೇ ನಾಲ್ಕು ಮೂಲೆಗಳು, ಸೂರಿನ ಗೆರೆ, ಜಗಲಿಯ ಕಂಬಗಳ ಬುಡ ಹಾಗೂ ತಲೆ ಇಷ್ಟನ್ನು ಹಗಲು ಬೆಳಕಿನಲ್ಲಿ ನೇರವಾಗಿ ತೆಗೆದು, ಪಕ್ಕದಲ್ಲಿ ಅಳತೆಗೆ ಒಂದು ಆರಡಿ ಕೋಲು ನಿಲ್ಲಿಸಿ ಕಳುಹಿಸಿ. ಈ ಫೋಟೊಗಳು ಚಂದ ಇರಬೇಕಾಗಿಲ್ಲ. ಅವುಗಳನ್ನು ನೋಡಿ ಜಗಲಿಯ ಮೇಲೆ ಎಷ್ಟು ಜನ ನಿಲ್ಲಬಹುದು, ಅಥವಾ ಯಾರೂ ನಿಲ್ಲಬಾರದೇ ಎಂಬುದನ್ನು ಬರೆದು ತಿಳಿಸುತ್ತೇನೆ.